ಜಾಲಾಕ್ಷನ ಬಲೆ ತೊಳೆದ ಮಂಕಾಳಿ

ಅದೊಂದು ಕಾಲ. ಏಳು ಕಡಲಿನ ನೀರು ಒಂದಾಗುವ ಕಡೆ ಹವಳಗೇರಿ ಎಂಬ ರಾಜ್ಯವಿತ್ತು. ಅಲ್ಲಿ ಅರಮನೆಯವರಿಗೂ ಮೀನು, ಗುಡಿಸಲಿನವರಿಗೂ ಮೀನು. ದಡದ ಕೊನೆಯ ಗುಡಿಸಲಿನಲ್ಲಿ ಮಂಕಾಳಿ ಎಂಬ ಹೆಂಗಸಿದ್ದಳು. ಗಂಡ ಕುಪ್ಪಯ್ಯ ಕಡಲಿಗೆ ಹೋಗಿ ಬಂದರೆ, ಬಲೆ ತೊಳೆಯುವುದು, ಹರಿದ ಕಣ್ಣು ಹೆಣೆಯುವುದು, ಗಾಳದ ತುಕ್ಕು ಉಜ್ಜುವುದು ಅವಳ ಕೆಲಸ. ಅವಳು ತೊಳೆದ ಬಲೆಗೆ ಬಿಸಿಲಿನ ವಾಸನೆ ಬಿಟ್ಟರೆ ಬೇರೆ ವಾಸನೆ ಇರುತ್ತಿರಲಿಲ್ಲ.

ದಡದಿಂದ ದೂರದಲ್ಲಿ ಒಂದು ಕರಿಬಂಡೆ. ಅದರ ಮೇಲೆ ಜಾಲಾಕ್ಷನೆಂಬ ಮಾಯಾವಿ ವಾಸವಾಗಿದ್ದ. ಅವನ ಬಲೆಗೆ ಸಿಕ್ಕ ಮನುಷ್ಯ ಚಿಪ್ಪಾಗಿ ಆ ಬಲೆಗೇ ಅಂಟಿಕೊಳ್ಳುತ್ತಿದ್ದ. ಮಳೆಗಾಲ ಮುಗಿದು ದೋಣಿಗಳು ನೀರಿಗಿಳಿದ ದಿನ ಜಾಲಾಕ್ಷ ಬಲೆ ಬೀಸಿದ. ಸಂಜೆಗೆ ದೋಣಿಗಳು ಮಾತ್ರ ತೇಲುತ್ತ ಬಂದವು, ಒಳಗೆ ಯಾರೂ ಇರಲಿಲ್ಲ. ಕುಪ್ಪಯ್ಯ ಇರಲಿಲ್ಲ. ಮೀನು ಹಿಡಿಯುವುದನ್ನು ಕಲಿಯಲು ಹೋಗಿದ್ದ ರಾಣಿಯ ಮಗನೂ ಇರಲಿಲ್ಲ.

ರಾಣಿ ಮೇಘಾವತಿ ಸೈನಿಕರನ್ನು ಕಳಿಸಿದಳು. ಬಲೆಯ ಒಂದು ಎಳೆ ಕಡಿದರೆ ಎರಡು ಎಳೆ ಹುಟ್ಟಿದವು. ಸೈನಿಕರೂ ಚಿಪ್ಪಾದರು. ಆಗ ಮಂಕಾಳಿ ಅರಮನೆಗೆ ಬಂದಳು.

"ತಾಯೀ, ನಾನು ಹೋಗಿಬರುತ್ತೇನೆ."

"ಏನು ಹಿಡಿದುಕೊಂಡು ಹೋಗುತ್ತೀಯೆ, ಮಗಳೇ?"

"ತೆಂಗಿನ ನಾರು, ಒಲೆಯ ಬೂದಿ, ಒಂದು ಕುಡಿಕೆ ಎಣ್ಣೆ, ಬಲೆ ಹೆಣೆಯುವ ಸೂಜಿ."

"ಅದರಿಂದ ಅವನನ್ನು ಕೊಲ್ಲುವುದು ಹೇಗೆ?"

"ಕೊಲ್ಲುವುದಕ್ಕೆ ಹೋಗುತ್ತಿಲ್ಲ, ತಾಯಿ. ಗಾಳಿ ತಿರುಗಿದಾಗ ಅವನ ಬಲೆ ನಮ್ಮ ದಡದ ತನಕ ನಾರುತ್ತದೆ. ಅಂಥ ಬಲೆಯ ಹತ್ತಿರ ಮೀನು ಸುಳಿಯುವುದಿಲ್ಲ. ಅವನಿಗೆ ನನ್ನ ಕೆಲಸ ಬೇಕೇ ಬೇಕು."

ರಾಣಿ ಅವಳ ತಲೆ ಮುಟ್ಟಿ ಕಳಿಸಿಕೊಟ್ಟಳು.

ಮಂಕಾಳಿ ದೋಣಿಯಲ್ಲಿ ಹೋದಾಗ ಕರಿಬಂಡೆಯ ಮೇಲೆ ಜಾಲಾಕ್ಷ ಕುಳಿತಿದ್ದ. ಹುಟ್ಟಿದಾಗಿನಿಂದ ಮೈ ತೊಳೆಯದವನು. ಗಡ್ಡದ ತುಂಬ ಪಾಚಿ.

"ತಾನಾಗಿ ಬಂದ ಬೇಟೆ," ಎಂದು ನಕ್ಕ.

"ಬೇಟೆ ಇರಲಿ, ಅಯ್ಯಾ. ಮುತ್ತಿನ ಮೀನು ಸಿಕ್ಕಿತೇ?"

ಜಾಲಾಕ್ಷನ ನಗು ನಿಂತಿತು. ಮುತ್ತಿನ ಮೀನು ತಿಂದವನಿಗೆ ಸಾವಿಲ್ಲ ಎಂಬುದು ಕಡಲಿನವರಿಗೆಲ್ಲ ಗೊತ್ತಿದ್ದ ಮಾತು. ಅದಕ್ಕಾಗಿ ಬಲೆ ಬೀಸಿ ಬೀಸಿ ಅವನ ಭುಜ ಸೋತಿತ್ತು.

"ನಿನ್ನ ಗಾಳ, ಬಲೆ, ದೋಣಿ ಮೂರನ್ನೂ ಚೊಕ್ಕ ಮಾಡಿಕೊಡುತ್ತೇನೆ. ಮೀನು ಸಿಕ್ಕರೆ ನನ್ನ ಗಂಡನನ್ನು ಬಿಡು."

"ಒಂದು ಎಳೆ ಹರಿದರೂ ನೀನು ಚಿಪ್ಪು," ಎಂದ ಜಾಲಾಕ್ಷ.

"ಆಗಲಿ," ಎಂದು ಮಂಕಾಳಿ ಸೆರಗು ಸಿಕ್ಕಿಸಿಕೊಂಡಳು.

ಮೊದಲು ಗಾಳ. ಅದು ಅವಳ ಮೊಳಕೈಯಷ್ಟು ಉದ್ದವಿತ್ತು, ಮುಟ್ಟಿದವರನ್ನು ಕಚ್ಚುತ್ತಿತ್ತು. ಮಂಕಾಳಿ ಅದಕ್ಕೆ ಎಣ್ಣೆ ಸವರಿ, ನೆನೆಯಲು ಬಿಟ್ಟು, ಬೂದಿ ಹಚ್ಚಿ ಉಜ್ಜಿದಳು. ತುಕ್ಕು ಉದುರಿದಂತೆ ಗಾಳ ಕಚ್ಚುವುದನ್ನು ಬಿಟ್ಟಿತು. ಆಮೇಲೆ ಮೆಲ್ಲಗೆ ಮಾತಾಡಿತು.

"ಅಕ್ಕಾ, ನಾನು ಕಡಲ ಹದ್ದು. ಇವನು ನನ್ನನ್ನು ಗಾಳ ಮಾಡಿದ. ಇವನ ಮಾಯೆಯೆಲ್ಲ ಈ ಕೊಳೆಯಲ್ಲೇ ಇದೆ. ಕೊಳೆ ಹೋದರೆ ಮಾಯೆ ಹೋಗುತ್ತದೆ. ತನ್ನ ಮಂತ್ರದ ಬಲವೆಂದುಕೊಂಡಿದ್ದಾನೆ, ಪಾಪ."

ಮಂಕಾಳಿ ಸುತ್ತ ನೋಡಿದಳು. "ಹಾಗಾದರೆ ಅಕ್ಕಿಕಾಳಿನಷ್ಟು ತುಕ್ಕು ಉಳಿಸುತ್ತೇನೆ. ಹೊತ್ತು ಬರುವ ತನಕ ತಡೆದುಕೋ, ತಮ್ಮಾ."

ಆಮೇಲೆ ಬಲೆ. ರಾಶಿ ಬಿದ್ದಿದ್ದ ಆ ಬಲೆ ಬಂಡೆಗಿಂತ ಕಪ್ಪಗಿತ್ತು. ಪಾಚಿ, ಲೋಳೆ, ನಡುನಡುವೆ ಕಚ್ಚಿಕೊಂಡ ಚಿಪ್ಪುಗಳು.

"ಕತ್ತಿಯಿಂದ ಕೆತ್ತಿ ಎಸೆ, ಬೇಗ ಆಗುತ್ತದೆ," ಎಂದ ಜಾಲಾಕ್ಷ.

"ಕೆತ್ತಿದರೆ ಎಳೆ ಹರಿಯುತ್ತದೆ. ಸಿಹಿನೀರಲ್ಲಿ ನೆನೆಸಿ ಬಿಡಿಸಬೇಕು. ನೀನು ಹೋಗಿ ಮಲಗು, ಅಯ್ಯಾ."

ಬಂಡೆಯ ಬಿರುಕಿನಲ್ಲಿ ಒಂದು ಒರತೆಯಿತ್ತು. ಅಲ್ಲಿಂದ ನೀರು ಹೊತ್ತಳು, ನೆನೆಸಿದಳು, ಬಿಡಿಸಿದಳು. ಕೈಗೆ ಬಂದ ಪ್ರತಿ ಚಿಪ್ಪೂ ಬೆಚ್ಚಗಿತ್ತು. ಯಾವುದು ಕುಪ್ಪಯ್ಯನೋ ತಿಳಿಯಲಿಲ್ಲ. ಹಾಗಾಗಿ ಪ್ರತಿಯೊಂದನ್ನೂ ಕುಪ್ಪಯ್ಯನೆಂದೇ ಬಿಡಿಸಿದಳು. ಬೆರಳು ಬಿರಿದವು, ಬೂದಿ ತಗಲಿ ಉರಿದವು. ಆದರೂ ಒಂದೇ ಒಂದು ಚಿಪ್ಪಿಗೆ ಬಿರುಕು ಬೀಳಲಿಲ್ಲ. ಎಲ್ಲವನ್ನೂ ಬಲೆಯ ತುದಿಯ ಚೀಲದಲ್ಲಿ ಕೂಡಿಟ್ಟು, ಚೀಲದ ಬಾಯಿಗೆ ಮಾತ್ರ ಒಂದು ಹಿಡಿ ಲೋಳೆ ಉಳಿಸಿದಳು. ಹರಿದ ಕಣ್ಣುಗಳನ್ನೆಲ್ಲ ಸೂಜಿಯಿಂದ ಹೆಣೆದು ಮುಚ್ಚಿದಳು.

"ಚಿಪ್ಪುಗಳನ್ನು ಯಾಕೆ ಇಟ್ಟೆ?" ಎಂದು ಕೇಳಿದ ಜಾಲಾಕ್ಷ.

"ಬಲೆ ಆಳಕ್ಕೆ ಇಳಿಯಲು ತೂಕ ಬೇಡವೇ?"

ಅವನು ತಲೆಯಾಡಿಸಿದ.

ಕೊನೆಗೆ ದೋಣಿ. ಕವುಚಿ ಹಾಕಿ ತಳ ಕೆರೆಯತೊಡಗಿದಳು. ಪಾಚಿ ಸರಿದ ಕಡೆ ದೋಣಿ ಉಸಿರಾಡಿತು. ಅದು ಆಮೆ, ಬೆಟ್ಟದಂಥ ಆಮೆ. ಮಂಕಾಳಿ ಅದರ ಬೆನ್ನು ತಟ್ಟಿ, ಎಣ್ಣೆ ಹಚ್ಚಿ, ಅಂಚಿನಲ್ಲಿ ಅಂಗೈಯಗಲ ಪಾಚಿ ಬಿಟ್ಟಳು.

ಬಿಸಿಲೇರಿದಾಗ ಜಾಲಾಕ್ಷ ದೋಣಿ ಹತ್ತಿದ. "ನೀನು ಇಲ್ಲೇ ಇರು," ಎಂದ.

"ತೊಳೆದ ಬಲೆ ಹಗುರ, ಅಯ್ಯಾ. ನಿನ್ನ ಕೈಗೆ ಅದರ ಅಭ್ಯಾಸವಿಲ್ಲ. ಹಿಂದೆ ಕೂತು ಹಗ್ಗ ಬಿಡುತ್ತೇನೆ."

ಅದೂ ಸರಿಯೆನಿಸಿತು ಅವನಿಗೆ. ಬಲೆ ಬೀಸಿದ. ಅದು ಗಾಳಿಯಲ್ಲಿ ಹೂವಿನಂತೆ ಅರಳಿ ಸದ್ದಿಲ್ಲದೆ ನೀರಿಗಿಳಿಯಿತು. ಎಳೆದಾಗ ಬಲೆಯ ನಡುವೆ ಮುತ್ತಿನ ಮೀನು ಹೊಳೆಯಿತು. ಅದನ್ನು ಎತ್ತಿಕೊಳ್ಳಲು ಜಾಲಾಕ್ಷ ಗಾಳ ಹಿಡಿದ. ಬಿಸಿಲಿಗೆ ಅದರ ಮೇಲಿನ ಕಲೆ ಕಾಣಿಸಿತು.

"ಇಲ್ಲಿ ತುಕ್ಕು ಉಳಿದಿದೆಯಲ್ಲ, ಮೈಗಳ್ಳಿ," ಎಂದು ಬೈದು, ತಾನೇ ಹೆಬ್ಬೆರಳಿನಿಂದ ಉಜ್ಜಿ ತೆಗೆದ.

ಗಾಳ ಹದ್ದಾಯಿತು. ರೆಕ್ಕೆ ಬಿಚ್ಚಿ ಅವನ ಕೈಯಿಂದ ಹಾರಿತು. ಜಾಲಾಕ್ಷ ತಿರುಗಿ ಮಂಕಾಳಿಯ ಮೇಲೆ ಮಂತ್ರ ಹಾಕಲು ಬಾಯಿ ತೆರೆದ. ಅವಳು ಅಂಚಿನ ಪಾಚಿಯನ್ನು ಒಂದೇ ಏಟಿಗೆ ಕಿತ್ತಳು. ದೋಣಿ ಆಮೆಯಾಗಿ ಮೈ ಕೊಡವಿತು. ಜಾಲಾಕ್ಷ ನೀರಿಗೆ ಬಿದ್ದ, ಆದರೆ ಬಲೆಯ ಹಗ್ಗ ಬಿಡಲಿಲ್ಲ. ಜನರಿದ್ದ ಚೀಲದೊಡನೆ ಬಲೆ ಅವನ ಹಿಂದೆಯೇ ಜಾರತೊಡಗಿತು.

ಮಂಕಾಳಿ ಮಂಡಿಯೂರಿ ಚೀಲವನ್ನು ಎದೆಗವಚಿ ಹಿಡಿದಳು. ಒಂದು ಕೈ ಬಿಡದೆ, ಇನ್ನೊಂದು ಕೈಯಲ್ಲಿ ನಾರು ಹಿಡಿದು ಲೋಳೆ ಒರೆಸಿದಳು. ಚೀಲ ಬಾಯ್ತೆರೆಯಿತು. ಚಿಪ್ಪುಗಳು ಆಮೆಯ ಬೆನ್ನಿನ ಮೇಲೆ ಚೆಲ್ಲಿದವು, ಚೆಲ್ಲುತ್ತಿದ್ದ ಹಾಗೆಯೇ ಮನುಷ್ಯರಾಗಿ ಎದ್ದು ಕುಳಿತವು. ಮುತ್ತಿನ ಮೀನು ಬಲೆಯ ಸಂದಿಯಿಂದ ಜಾರಿ ಆಳಕ್ಕೆ ಹೋಯಿತು. ಆಗ ಉಳಿದ ಮಾಯೆಯೆಲ್ಲ ಇದ್ದದ್ದು ಜಾಲಾಕ್ಷನ ಮೈಯ ಕೊಳೆಯಲ್ಲಿ ಮಾತ್ರ. ಅದು ಅವನನ್ನೇ ಹಿಡಿಯಿತು. ಅವನು ಸಣ್ಣ ಚಿಪ್ಪಾಗಿ ಮುಳುಗಿ, ಮತ್ತೆ ಮೇಲೆ ಬರಲಿಲ್ಲ.

ಆಮೆಯ ಬೆನ್ನಿನ ತುಂಬ ಜನ. ಸೈನಿಕರು, ಬೆಸ್ತರು, ಕಣ್ಣುಜ್ಜುತ್ತ ನಿಂತ ರಾಜಕುಮಾರ. ಮಂಕಾಳಿ ಮುಖ ಮುಖ ನೋಡಿದಳು. ಕುಪ್ಪಯ್ಯ ಕಾಣಲಿಲ್ಲ. ಮೊದಲಿನಿಂದ ಮತ್ತೊಮ್ಮೆ ನೋಡತೊಡಗಿದಳು.

"ಬಲೆ ಇತ್ತ ಕೊಡು, ಮಂಕಾಳಿ," ಎಂಬ ದನಿ ಅವಳ ಬೆನ್ನ ಹಿಂದೆಯೇ ಕೇಳಿತು. ನೀರಿಗೆ ಜಾರಿದ್ದ ಬಲೆಯನ್ನು ಕುಪ್ಪಯ್ಯ ಎಳೆಯುತ್ತಿದ್ದ. "ನಿನ್ನ ಕೈ ಏನಾಗಿದೆ ನೋಡಿಕೊಂಡೆಯಾ?"

"ನಿಮ್ಮನ್ನು ಹುಡುಕುವಷ್ಟರಲ್ಲಿ ಹೀಗಾಯಿತು," ಎಂದಳು ಅವಳು.

ಆಮೆ ಎಲ್ಲರನ್ನೂ ಹೊತ್ತು ದಡಕ್ಕೆ ಈಜಿತು, ಹದ್ದು ಮೇಲೆ ದಾರಿ ತೋರಿಸಿತು. ರಾಣಿ ಮಗನನ್ನು ತಬ್ಬಿಕೊಂಡಳು. ತಾನೇ ಮುಂದೆ ಬಂದು ಮಂಕಾಳಿಯ ಕೈಗೆ ಬೆಣ್ಣೆ ಹಚ್ಚಿದಳು. ಅಂದಿನಿಂದ ಹವಳಗೇರಿಯಲ್ಲಿ ಕಡಲಿಗೆ ಹೋದವರೆಲ್ಲ ಮನೆಗೆ ಮರಳಿದರು, ಮನೆ ಮನೆಯಲ್ಲೂ ಸಾರು ಕುದಿಯಿತು, ಮಂಕಾಳಿ ಕುಪ್ಪಯ್ಯರು ನೂರ್ಕಾಲ ನೆಮ್ಮದಿಯಾಗಿ ಬಾಳಿದರು.