ಹದಿನಾಲ್ಕಲ್ಲ, ಹತ್ತು

ಹದಿಮೂರನೇ ತಾರೀಕು ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ದೂರಿನ ಕಾಗದ ಮೇಜಿನ ಮೇಲಿಟ್ಟಳು. ಎಷ್ಟು ಹೇಳಿದರೂ ಕೂರಲಿಲ್ಲ. ನೂಲಿನ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ ಅವಳ ಗಂಡ, ಎರಡು ದಿನದ ಹಿಂದೆ, ಕೊರಳಿನ ವಸ್ತ್ರ ಯಂತ್ರದ ಉರುಳೆಗೆ ಸಿಕ್ಕಿ ಸತ್ತಿದ್ದ.

"ಉಳಿಸಬಹುದಿತ್ತಾ ಸಾರ್? ಅದೊಂದು ಹೇಳಿ, ಸಾಕು."

ಇನ್‌ಸ್ಪೆಕ್ಟರು ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಟೇಪಪ್ಪನೊಂದಿಗೆ ಹೊರಟರು. ಹೆಂಡತಿ ಬಡಿಸಿದ ಅನ್ನವನ್ನೂ ಅಳೆಯುವ ಆಸಾಮಿ ಎಂದು ಠಾಣೆಯವರು ಅವನಿಗಿಟ್ಟ ಹೆಸರದು.

ಗಿರಣಿಯ ನೆಲದ ತುಂಬ ಒಂದೊಂದು ಮೀಟರಿನ ಚೌಕಗಳು. ಬಾಗಿಲ ಮೂಲೆಯಿಂದ ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಎಂದೆಣಿಸಿ ಜಾಗ ಹೇಳುವುದು ಅಲ್ಲಿನವರ ರೂಢಿ. ಸಾವಿನ ಹೊತ್ತಿಗೆ ಹತ್ತಿರವಿದ್ದವನು ಯಂತ್ರಗಳಿಗೆ ಎಣ್ಣೆ ಬಿಡುವವನೊಬ್ಬನೇ. ಅವನು ನಿಂತಿದ್ದುದು ಅಡ್ಡ ಎರಡು, ಉದ್ದ ಮೂರರಲ್ಲಿ. ಉರುಳೆ ನಿಲ್ಲಿಸುವ ಸ್ವಿಚ್ಚು ಎಂಟು-ಹನ್ನೊಂದರಲ್ಲಿ.

"ಅಡ್ಡ ಆರು, ಉದ್ದ ಎಂಟು. ಹದಿನಾಲ್ಕು ಮೀಟರ್ ಸಾರ್. ಮಧ್ಯೆ ದೊಡ್ಡ ಯಂತ್ರ ಇತ್ತು, ಬಳಸ್ಕೊಂಡು ಓಡಿದೆ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು."

"ಈಗೆಲ್ಲಿ ಆ ಯಂತ್ರ?"

"ರಿಪೇರಿಗೆ ಹೋಗಿದೆ."

"ಯಾವತ್ತು?"

ಟೇಪಪ್ಪ ರಿಜಿಸ್ಟರು ತಿರುವಿದ. ಅದರಲ್ಲಿ ಒಂಬತ್ತನೇ ತಾರೀಕು ಎಂದಿತ್ತು, ಸಾವಿಗೆ ಎರಡು ದಿನ ಮೊದಲು.

ಟೇಪಪ್ಪ ಪಂಚನಾಮೆಯ ನಕ್ಷೆಯಲ್ಲಿ ಎರಡು ಬಿಂದುವಿಟ್ಟು ಗೆರೆ ಎಳೆದ. "ಆರರ ವರ್ಗ ಮೂವತ್ತಾರು, ಎಂಟರದ್ದು ಅರವತ್ತನಾಲ್ಕು. ಕೂಡಿದ್ರೆ ನೂರು, ಅದರ ವರ್ಗಮೂಲ ಹತ್ತು. ನೇರ ಹೋಗಿದ್ರೆ ಹತ್ತೇ ಮೀಟರ್ ಸಾರ್." ನೆಲದ ಮೇಲೆ ಟೇಪು ಹಿಡಿದರೂ ಅಷ್ಟೇ ಬಂತು.

ಇನ್‌ಸ್ಪೆಕ್ಟರು ಎಣ್ಣೆಯವನನ್ನು ಕೇಳಿದರು. "ಎಷ್ಟೋ ವರ್ಷ ಬಳಸ್ಕೊಂಡೇ ಓಡಾಡಿದೀಯ. ಅಭ್ಯಾಸಬಲದಿಂದ ಕಾಲು ಹಾಗೇ ಹೋಯ್ತೇನೋ?" ಹೂಂ ಅನ್ನಲಿ ಎಂದೇ ಅವರ ಮನಸ್ಸು ಬೇಡುತ್ತಿತ್ತು.

"ಇಲ್ಲ ಸಾರ್. ನೆಲ ಖಾಲಿ ಇರೋದು ಕಾಣ್ತಿತ್ತು. ಬೇಕಂತಲೇ ಸುತ್ತಿದೆ. ಓಡ್ಲೂ ಇಲ್ಲ, ನಡೆದೆ."

"ಯಾಕೆ?"

"ಆರು ವರ್ಷದ ಹಿಂದೆ ಇದೇ ಉರುಳೆ ನನ್ನ ತಮ್ಮನ್ನ ನುಂಗ್ತು. ನೂಲು ಹಾಳಾಗುತ್ತೆ ಅಂತ ಮೇಸ್ತ್ರಿ ಸ್ವಿಚ್ ಆರಿಸೋಕೆ ಹಿಂದೆಮುಂದೆ ನೋಡಿದ."

"ಸ್ವಿಚ್ಚಿನಿಂದ ಎಷ್ಟು ದೂರದಲ್ಲಿದ್ದ?"

"ಕೈ ಚಾಚಿದ್ರೆ ಸಿಗೋಷ್ಟು."

ಮಧ್ಯಾಹ್ನ 3.40ಕ್ಕೆ ಬಂಧನ. ಠಾಣೆಯಲ್ಲಿ ಮೇಸ್ತ್ರಿಯ ಹೆಂಡತಿ ಇನ್ನೂ ನಿಂತೇ ಇದ್ದಳು.

"ಉಳಿಸಬಹುದಿತ್ತಮ್ಮ," ಎಂದರು ಇನ್‌ಸ್ಪೆಕ್ಟರು. ಕಾರಣವನ್ನೂ ಹೇಳಿದರು.

ಅವಳು ಎಣ್ಣೆಯವನತ್ತ ತಿರುಗಿದಳು. "ಆರು ವರ್ಷದಿಂದ ನಮ್ಮನೆಯವ್ರು ನಿದ್ದೇಲೂ ನಿನ್ನ ತಮ್ಮನ್ನೇ ಕರೀತಿದ್ರು ಕಣಪ್ಪಾ. ನಿನ್ನ ಹತ್ರ ಬಂದು ತಪ್ಪಾಯ್ತು ಅನ್ನೋಕೆ ಧೈರ್ಯ ಬರ್ಲಿಲ್ಲ."

ಎಣ್ಣೆಯವನು ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಅವಳು ಆಗ ಬೆಂಚಿನ ಮೇಲೆ ಕೂತಳು.