ತಿದ್ದಿದ ಕೈ

"ಅಕ್ಕ, ನಾನು ಬರೆದಿದ್ದು ಇದಲ್ಲ" ಎಂದು ಕೆಳಮನೆಯ ನರ್ಸಮ್ಮ ಬಾಗಿಲಲ್ಲೇ ನಿಂತು ಹೇಳಿದಳು. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ನಮ್ಮ ಕಟ್ಟಡದಲ್ಲಿ ಏನು ಎಡವಟ್ಟಾದರೂ ಜನ ಮೊದಲು ಬಡಿಯುತ್ತಿದ್ದುದು ನನ್ನ ಅತ್ತಿಗೆಯ ಬಾಗಿಲನ್ನು. ಬಾಗಿಲು ತೆಗೆದು ಕುರ್ಚಿ ಎಳೆದು ಹಾಕುವ ಚಾಕರಿ ಮೈದುನನಾದ ನನ್ನದು.

ನರ್ಸಮ್ಮ ಆನ್‌ಲೈನ್ ಕಾಲೇಜೊಂದರಲ್ಲಿ ಪದವಿಗೆ ಓದುತ್ತಿದ್ದಳು. ಉಳಿದದ್ದು ಒಂದೇ ವಿಷಯ, ಪ್ರಾಚೀನ ಪಾಶ್ಚಾತ್ಯ ನಾಗರಿಕತೆ. ಅದು ಪಾಸಾದರೆ ಪದವಿ, ಪದವಿ ಸಿಕ್ಕರೆ ವಾರ್ಡಿನ ಮುಖ್ಯ ನರ್ಸ್ ಹುದ್ದೆ. ಕೊನೆಯ ಪ್ರಬಂಧದಲ್ಲಿ ಫೇಲಾಗಿದ್ದಳು.

"ಅಥೆನ್ಸಿನಲ್ಲಿ ಮೊದಲು ಕಾನೂನು ತಿದ್ದಿದ್ದು ಸೋಲನ್, ಕ್ರಿಸ್ತಪೂರ್ವ 594ರಲ್ಲಿ. ಅದರ ಮೇಲೆ ಜನರ ಆಡಳಿತ ಕಟ್ಟಿದ್ದು ಕ್ಲೈಸ್ತನೀಸ್, 508ರಲ್ಲಿ. ಹಾಗೇ ಬರೆದಿದ್ದೆ. ಕಾಲೇಜಿಗೆ ಹೋಗಿರೋದ್ರಲ್ಲಿ ಇಸವಿ ಹಿಂದುಮುಂದಾಗಿದೆ, ಸೋಲನ್‌ಗೆ 508, ಕ್ಲೈಸ್ತನೀಸ್‌ಗೆ 594."

"ಮೊಮ್ಮಗ ಕಟ್ಟಿದ ಮನೆಗೆ ಅಜ್ಜ ಬಂದು ಪಾಯ ಹಾಕಿದ ಹಾಗಾಯ್ತು" ಎಂದೆ. ಯಾರೂ ನಗಲಿಲ್ಲ.

ಪ್ರಬಂಧವನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಕಾಲೇಜಿನ ಪುಟಕ್ಕೆ ಹಾಕಿ, ಅದನ್ನು ತೆರೆದೇ ಬಿಟ್ಟು ಆಕೆ ಕೆಲಸಕ್ಕೆ ಹೋಗಿದ್ದಳು. ಗಡುವು ಮುಗಿದಾಗ ಆ ಪುಟದಲ್ಲಿ ಇದ್ದದ್ದು ತಾನಾಗಿ ಸಲ್ಲಿಕೆಯಾಗುತ್ತಿತ್ತು. ಅಷ್ಟರಲ್ಲಿ ಯಾರೋ ಕೈಯಾಡಿಸಿದ್ದರು. ಬದಲಿಸಿದವರೇ ನಾಳೆಯೊಳಗೆ ಬರೆದುಕೊಟ್ಟರೆ ಮೂಲ ಪ್ರತಿಯನ್ನು ಓದುತ್ತೇವೆ ಎಂದು ಕಾಲೇಜು ತಿಳಿಸಿತ್ತು.

"ಮನೇಲಿ ಯಾರ ಮೇಲೆ ಅನುಮಾನ?" ಎಂದು ಅತ್ತಿಗೆ ಕೇಳಿದರು.

"ಅತ್ತೆಗೆ ನಾನು ಓದೋದೇ ಇಷ್ಟ ಇಲ್ಲ. ಆದ್ರೆ ಇದು ನಾದಿನಿ ಕೆಲಸ. ಅವಳೂ ಅದೇ ಕೋರ್ಸ್ ಓದ್ತಾಳೆ, ನಂಗೇ ಯಾವಾಗ್ಲೂ ಹೆಚ್ಚು ಮಾರ್ಕ್ಸು. ಫಲಿತಾಂಶ ಬಂದಾಗಿನಿಂದ ಮಾತು ಬಿಟ್ಟಿದೀನಿ."

"ಯಜಮಾನ್ರು?"

"ಪಾಪ, ಲ್ಯಾಪ್‌ಟಾಪ್ ಕೊಡಿಸಿದ್ದೇ ಅವ್ರು. 'ಹೋಗ್ಲಿ ಬಿಡು, ಇದೆಲ್ಲ ನಿನ್ನ ಕೈಲಾಗೋದಲ್ಲ' ಅಂತ ಸಮಾಧಾನ ಮಾಡ್ತಿದಾರೆ."

ಮೂಲ ಪ್ರತಿಯೂ ಸಲ್ಲಿಕೆಯಾದ ಪ್ರತಿಯೂ ಆಕೆಯ ಫೋನಿನಲ್ಲಿದ್ದವು. ಅತ್ತಿಗೆ ಎರಡನ್ನೂ ಸಾಲು ಸಾಲಾಗಿ ಹೋಲಿಸಿದರು. "ನಿನ್ನ ಪ್ರತೀಲಿ 'ಪ್ರಭಂದ', 'ಅದಿಕಾರ' ಅಂತ ಬರೆದಿದೀಯ. ಕಾಲೇಜಿಗೆ ಹೋಗಿರೋದ್ರಲ್ಲಿ 'ಪ್ರಬಂಧ', 'ಅಧಿಕಾರ' ಅಂತಿದೆ."

ನರ್ಸಮ್ಮ ನಾಚಿಕೊಂಡಳು. "ಮಹಾಪ್ರಾಣ ನಂಗೆ ಯಾವತ್ತೂ ಕೈಕೊಡುತ್ತೆ."

ಮೂವರೂ ಅವಳ ಮನೆಗೆಂದು ಕೆಳಗಿಳಿಯುವಾಗ ಮೆಟ್ಟಿಲ ಪಕ್ಕ ನೀರು ನಿಲ್ಲಿಸುವ ಸೂಚನೆ ಅಂಟಿಸಿದ್ದು ಕಂಡಿತು. ಅದರ ಕಾಗುಣಿತವನ್ನು ಯಾರೋ ಕೆಂಪು ಪೆನ್ನಿನಲ್ಲಿ ತಿದ್ದಿದ್ದರು. ನನಗೆ ನಗು ಬಂತು. ಅತ್ತಿಗೆ ಮಾತ್ರ ನಿಂತು ಅದನ್ನು ಪೂರ್ತಿ ಓದಿದರು.

ಹಜಾರದಲ್ಲಿ ಮನೆಯವರೆಲ್ಲ ಸೇರಿದರು. ನರ್ಸಮ್ಮನ ಅತ್ತೆ ಕಣ್ಣಿನ ಪೊರೆಯ ಆಪರೇಷನ್ನಿಗೆ ಕಾಯುತ್ತಿದ್ದರು. ಅತ್ತಿಗೆಯ ದನಿ ಕೇಳಿದ ಮೇಲೆಯೇ ಗುರುತು ಹಿಡಿದರು. ನಾದಿನಿ ಮುಖ ಊದಿಸಿಕೊಂಡು ಮೂಲೆ ಹಿಡಿದಿದ್ದಳು. ಅಚ್ಚುಕೂಟದಲ್ಲಿ ಕರಡು ತಿದ್ದುವ ಗಂಡ ಕೆಂಪು ಪೆನ್ನು ಹಿಡಿದು, ತೊಡೆಯ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತಿದ್ದ.

"ಹಾಳು ಮಾಡೋಕೆ ಬಂದೋರು ಕಾಗುಣಿತ ಸರಿಮಾಡಿ ಹೋಗ್ತಾರಾ?" ಎಂದು ಅತ್ತಿಗೆ ಶುರುಮಾಡಿದರು. "ಇದು ಹಗೆಯ ಕೈಯಲ್ಲ, ತಿದ್ದೋ ಕೈ. ಅಮ್ಮನಿಗೆ ಎದುರು ನಿಂತೋರ ಮುಖಾನೇ ಕಾಣಲ್ಲ. ಈ ಹುಡುಗಿ ಅದೇ ಪಾಠ ಓದಿದಾಳೆ. ಕ್ರಿಸ್ತಪೂರ್ವದ ವರ್ಷ ಇಳೀತಾ ಬರುತ್ತೆ, ದೊಡ್ಡ ಸಂಖ್ಯೆನೇ ಮೊದಲು ಅಂತ ಗೊತ್ತಿರೋಳು ಸರಿ ಇದ್ದದ್ದನ್ನ ತಪ್ಪು ಅಂದ್ಕೊಳ್ಳಲ್ಲ. 508 ಚಿಕ್ಕದು, ಅದೇ ಮೊದಲು ಬರ್ಬೇಕು ಅಂದ್ಕೊಂಡೋರು ಆ ಪಾಠಾನ ಒಂದು ದಿನಾನೂ ಕೇಳಿಲ್ಲ. ಆದ್ರೆ ಕಾಗುಣಿತ ಕರಾರುವಾಕ್ಕು. ಮೆಟ್ಟಿಲ ಹತ್ರದ ಸೂಚನೇನೂ ಬಿಟ್ಟಿಲ್ಲ ನೀವು, ಅಲ್ವಾ?"

ಗಂಡ ಹಾಳೆಗಳನ್ನು ಜೋಡಿಸತೊಡಗಿದ. "ಒಳ್ಳೇದಕ್ಕೇ ಮಾಡಿದ್ದು. ಇವಳು ಇಸವಿನೇ ತಿರುಗಾಮುರುಗಾ ಹಾಕಿದಾಳೆ ಅಂದ್ಕೊಂಡೆ."

"ಕೇಳಬಹುದಿತ್ತು."

"ಇವಳನ್ನ ಏನು ಕೇಳೋದು ಅಂತ..."

"ಫಲಿತಾಂಶ ಬಂದಾಗ ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಪ್ರೆಸ್ಸಲ್ಲಿ ಊರೋರ ತಪ್ಪೆಲ್ಲ ಹುಡುಕೋನು ನಾನು. ಹೇಗೆ ಬಾಯಿಬಿಡ್ಲಿ?"



"ನಾನಾದ್ರೂ ಎದುರಿಗೇ ಬೈದಿದ್ದೆ ಕಣೋ" ಎಂದರು ಅತ್ತೆ.

ನಾದಿನಿ ಎದ್ದಳು. "ಇವ್ರು ನನ್ನನ್ನ ಕಳ್ಳಿ ಅಂತ ನೋಡ್ತಿದ್ರೂ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆಯಲ್ಲ ಅಣ್ಣ" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನರ್ಸಮ್ಮ ಆ ಬಾಗಿಲನ್ನು ತಟ್ಟಿದಳು, ಕ್ಷಮೆ ಕೇಳಿದಳು. ಅದು ತೆರೆಯಲಿಲ್ಲ.

ತಿರುಗಿ ಬಂದು ಗಂಡನಿಗೆ ಹೇಳಿದಳು: "ಹೊಟ್ಟೆಕಿಚ್ಚಿಗೆ ಮಾಡಿದ್ರೆ ಜಗಳಾಡಿ ಮರೀತಿದ್ದೆ. ಹೊಟ್ಟೆಕಿಚ್ಚು ಪಡೋರು ನಮ್ಮನ್ನ ಲೆಕ್ಕಕ್ಕಾದ್ರೂ ಇಟ್ಕೊಂಡಿರ್ತಾರೆ. ಬರೀರಿ."

ಅವನು ಬರೆದ. 'ನನ್ನ ಹೆಂಡತಿಯ ತಪ್ಪನ್ನು ತಿದ್ದಲು ಹೋಗಿ' ಎಂದು ಕಾಗದ ಆರಂಭವಾಗಿತ್ತು. ನರ್ಸಮ್ಮ ಅವನ ಕೆಂಪು ಪೆನ್ನನ್ನೇ ಎತ್ತಿಕೊಂಡು 'ತಪ್ಪನ್ನು' ಎಂಬುದನ್ನು ಹೊಡೆದುಹಾಕಿ, ಮೇಲೆ 'ಸರಿಯಾದ ಉತ್ಥರವನ್ನು' ಎಂದು ಬರೆದಳು.

ಅವನು ಕಾಗದ ನೋಡಿದ. ಕೈ ತಾನಾಗಿ ಪೆನ್ನಿನ ಕಡೆ ಹೋಯಿತು.

"ಇರ್ಲಿ ಬಿಡಿ" ಎಂದಳು ನರ್ಸಮ್ಮ. "ಆ ತಪ್ಪು ನಂದು."

ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ನಮ್ಮ ಜೊತೆಯಲ್ಲೇ ಹೊರಗೆ ಬಂದಳು.