ಆರನೆಯ ಗಣಕದ ಮೌನ

ಶೇಷಶೋಧಕ ಕೆಲಸ ಮುಗಿಸಲು ನಾಲ್ಕು ನಿಮಿಷ ತೆಗೆದುಕೊಂಡಿತು. ಪರದೆಯ ಮೇಲೆ ಎಂಟು ಹೆಸರುಗಳು ಮೂಡಿದವು. ಏಳು ಹೆಸರುಗಳ ಮುಂದೆ ಹಸಿರು ಚುಕ್ಕೆಯಿತ್ತು. ಆರನೆಯದರ ಮುಂದೆ ಏನೂ ಇರಲಿಲ್ಲ.

ಡಾ. ಶೈಲಜಾ ಹೊಂಬಳ ಕನ್ನಡಕ ತೆಗೆದು ಒರೆಸಿಕೊಂಡಳು. ಅವಳು ಹುಡುಕುತ್ತಿದ್ದುದು ಸಿಕ್ಕಿತ್ತು.

ಆ ಅವಳಿ ಪಟ್ಟಣದಲ್ಲಿ ಚಾಲಕರಿಲ್ಲದ ಬಸ್ಸುಗಳು ಓಡತೊಡಗಿ ಒಂಬತ್ತು ವರ್ಷಗಳಾಗಿದ್ದವು. ಅವನ್ನು ನಡೆಸುತ್ತಿದ್ದುದು ಒಂದು ಯಂತ್ರವಲ್ಲ, ಹಲವು ಮಹಾಗಣಕಗಳು ಸೇರಿದ ಗಣಕಗುಚ್ಛ. ಗುಚ್ಛದಲ್ಲಿ ಯಾವ ಯಾವ ಗಣಕಗಳಿವೆ ಎಂಬುದನ್ನು ಒಂದು ವಿನ್ಯಾಸಪಟ್ಟಿ ಹೇಳುತ್ತಿತ್ತು. ಪಟ್ಟಿಯಲ್ಲಿ ಎಂಟು ಮನೆಗಳು. ಹೊಸ ಗಣಕವೊಂದನ್ನು ಸೇರಿಸಹೋದಾಗ ಪಟ್ಟಿ ಜಾಗವಿಲ್ಲ ಎಂದಿತು. ನಿಜಕ್ಕೂ ಎಣಿಸಿದರೆ ಇದ್ದುದು ಏಳೇ ಯಂತ್ರ. ಗಣಕವನ್ನು ಕಳಚಿ ಒಯ್ದವರು ಪಟ್ಟಿಯಿಂದ ಅದರ ಹೆಸರು ತೆಗೆಯಲು ಮರೆತರೆ ಹೀಗಾಗುತ್ತದೆ. ಇಂಥ ಶೇಷ ನಮೂದುಗಳನ್ನು ಪತ್ತೆಹಚ್ಚಲೆಂದೇ ಶೈಲಜಾ ಶೇಷಶೋಧಕವನ್ನು ರಚಿಸಿದ್ದಳು. ಅದು ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರನ್ನೂ ಕರೆಯುತ್ತದೆ, ಓಗೊಡದವುಗಳನ್ನು ಗುರುತಿಸುತ್ತದೆ.

ಪಕ್ಕದ ಮೇಜಿನಲ್ಲಿ ಪ್ರಯಾಣಿಕರ ದೂರುಗಳನ್ನು ಓದುವ ಇಮಾಮಸಾಬ ಮಕಾನದಾರ ಇದ್ದರು. ಬಸ್ಸುಗಳನ್ನು ಮನುಷ್ಯರು ನಡೆಸುತ್ತಿದ್ದ ಕಾಲದಲ್ಲಿ ಅವರು ಕಂಡಕ್ಟರ್. ಆರನೆಯದು ಹಳೆಯ ಡಿಪೋದ ಗಣಕ ಎಂಬುದು ಅವರಿಗೆ ನೆನಪಿತ್ತು. ನಾಲ್ಕು ವರ್ಷಗಳ ಹಿಂದೆ ಅದನ್ನು ಲಾರಿಗೆ ಹೇರುವಾಗ ಅವರೂ ಒಂದು ಹಗ್ಗ ಹಿಡಿದಿದ್ದರು.

"ನಾಕ ವರ್ಷದಿಂದ ಇಲ್ಲದ್ದು, ಏನ ತ್ರಾಸ ಕೊಟ್ಟೈತ್ರಿ ಪಾಪ?" ಎಂದು ಕೇಳಿದರು.

ಜಾಗ ಹಿಡಿದಿರುವುದಷ್ಟೇ ಅಲ್ಲ ಎಂದು ಶೈಲಜಾ ವಿವರಿಸಿದಳು. ನಿಲ್ದಾಣ ಬಿಡುವ ಮುನ್ನ ಪ್ರತಿ ಬಸ್ಸೂ ಪಟ್ಟಿಯಲ್ಲಿರುವ ಎಂಟೂ ಗಣಕಗಳ ಒಪ್ಪಿಗೆ ಕೇಳುತ್ತದೆ. ಏಳು ಗಣಕಗಳು ತಕ್ಷಣ ಉತ್ತರಿಸುತ್ತವೆ. ಆರನೆಯದು ಉತ್ತರಿಸುವುದಿಲ್ಲ. ಬಸ್ಸು ಹನ್ನೊಂದು ಸೆಕೆಂಡು ಕಾದು, ಆ ಮೌನವನ್ನೇ ಒಪ್ಪಿಗೆ ಎಂದುಕೊಂಡು ಹೊರಡುತ್ತದೆ. ಪ್ರತಿ ನಿಲ್ದಾಣದಲ್ಲೂ ಹನ್ನೊಂದು ಸೆಕೆಂಡು ದಂಡ.

"ನಾವು 'ರೈಟ್' ಅನ್ನೂತನಕ ಡ್ರೈವರ ಕಾಯ್ತಿದ್ದಲ್ರಿ, ಹಂಗ."

"ಹಂಗ ಕಾಕಾ. ಆದ್ರ ರೈಟ್ ಅನ್ನಾವ ಇಲ್ಲ."

ಅವಳು ನಮೂದನ್ನು ಅಳಿಸಿದಳು. ಹೊಸ ಗಣಕ ಆ ಮನೆಗೆ ಬಂತು. ಮರುದಿನದಿಂದ ಬಸ್ಸುಗಳು ಗಡಿಯಾರದ ಮುಳ್ಳು ಹಿಡಿದು ಓಡಿದವು. ಸಂಚಾರ ಮಂಡಲಿ ಅವಳಿಗೆ ಮೆಚ್ಚುಗೆಯ ಪತ್ರ ಕಳಿಸಿತು.

ಹತ್ತನೆಯ ದಿನ ನೇಕಾರ ಓಣಿಯಿಂದ ಒಂದು ದೂರು ಬಂತು. ಬರೆದವರು ಗುರುಲಿಂಗಪ್ಪ ಎಂಬ ವಯಸ್ಸಾದ ನೇಕಾರ. 'ಬಸ್ಸು ನನ್ನನ್ನು ಒಯ್ದು ನನ್ನ ಹೆಂಡತಿಯನ್ನು ಬಿಟ್ಟಿತು.' ಮಕಾನದಾರ ಮೊದಲ ಸಾಲಿಗೆ ನಕ್ಕರು. ಕೊನೆಯ ಸಾಲು ಓದಿ ಕಾಗದವನ್ನು ಶೈಲಜಾಳ ಮುಂದಿಟ್ಟರು. 'ಅಂದಿನಿಂದ ಅವಳು ನಿಲ್ದಾಣಕ್ಕೆ ಬರಲು ಒಲ್ಲೆ ಅನ್ನುತ್ತಾಳೆ.'

ಶೈಲಜಾ ಆ ದಂಪತಿಯ ಮನೆ ಹುಡುಕಿಕೊಂಡು ಹೋದಳು. ಗುರುಲಿಂಗಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಎಲ್ಲವನ್ನೂ ಹೇಳಿದರು. ಹೋದ ವರ್ಷ ಹೆಂಡತಿ ಕಾಶವ್ವನಿಗೆ ಲಕ್ವ ಹೊಡೆದು ಎಡಗಾಲಿನ ಸ್ವಾಧೀನ ಹೋಗಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ. ಬಸ್ಸು ಹತ್ತಲು ಅವರದೇ ಒಂದು ಪದ್ಧತಿಯಿತ್ತು. ಮೊದಲು ಗುರುಲಿಂಗಪ್ಪ ಹತ್ತಿ, ತಿರುಗಿ, ಕೈ ಚಾಚಿ ನಿಲ್ಲುವರು. ಅವಳು ಕೋಲು ಊರಿ, ಉಸಿರು ಕೂಡಿಸಿಕೊಂಡು, ಆ ಕೈಯನ್ನು ಹಿಡಿಯದೆಯೇ ಮೆಟ್ಟಿಲಿಗೆ ಕಾಲಿಡುವಳು. ಕೈ ಅಲ್ಲಿದ್ದರೆ ಸಾಕಾಗಿತ್ತು.

ಬಸ್ಸಿನ ಬಾಗಿಲಿಗೆ ಒಂದು ಕಣ್ಣಿದೆ. ಅದು ಮೆಟ್ಟಿಲ ಮೇಲಿರುವವರನ್ನು ಮಾತ್ರ ನೋಡುತ್ತದೆ. ಒಂದು ಮಾರು ದೂರದಲ್ಲಿ ಉಸಿರು ಕೂಡಿಸಿಕೊಳ್ಳುತ್ತಿದ್ದವಳು ಅದಕ್ಕೆ ಕಾಣಲಿಲ್ಲ. ಅಲ್ಲಿಯವರೆಗೆ ಅವಳು ಹತ್ತುತ್ತಿದ್ದುದು ಆ ಹನ್ನೊಂದು ಸೆಕೆಂಡಿನಲ್ಲಿ. ಗುರುಲಿಂಗಪ್ಪ ಮುಂದಿನ ನಿಲ್ದಾಣದಲ್ಲಿಳಿದು ಓಡುತ್ತ ಬಂದಾಗ ಅವಳು ಅದೇ ಜಾಗದಲ್ಲಿ, ಕೋಲು ಊರಿಕೊಂಡು ಹಾಗೆಯೇ ನಿಂತಿದ್ದಳು.

ಈ ತಿಂಗಳು ವ್ಯಾಯಾಮ ತಪ್ಪಿದರೆ ಕಾಲು ಮತ್ತೆ ಮಣಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರು. ರೋಗಿಗಳನ್ನು ಮನೆಯಿಂದಲೇ ಕರೆದೊಯ್ಯುವ ಗಾಡಿ ಕಳಿಸುತ್ತೇನೆ ಎಂದಳು ಶೈಲಜಾ.

ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದ ಕಾಶವ್ವ ತಿರುಗಿದಳು. "ಅದರಾಗ ಎತ್ತಿ ಕುಂದ್ರಸ್ತಾರವ್ವಾ. ನಾ ಏನ ನೂಲಿನ ಗಂಟೇನು?" ಸ್ವಲ್ಪ ತಡೆದು ಅಂದಳು, "ಮೊದಲ ಬಸ್ಸಿಗೆ ಮರ್ಯಾದಿ ಇತ್ತು. ನಿಂದರ್ತಿತ್ತು. ಈಗ ಯಾರ ಕಲಿಸ್ಯಾರೋ ಈ ಅವಸರಾ."

ಶೈಲಜಾ ಚಹಾ ಕುಡಿದಳು. ಕಲಿಸಿದವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

ಪ್ರತಿ ನಿಲ್ದಾಣದಲ್ಲಿ ಹನ್ನೊಂದು ಸೆಕೆಂಡು ಕಾಯುವ ನಿಯಮ ಬೇಕೆಂದು ಅವಳು ಮಂಡಲಿಗೆ ಬರೆದಳು. ಬಾಗಿಲ ಬಳಿ ಯಾರೂ ಇಲ್ಲದಿರುವಾಗ ಬಸ್ಸು ಏಕೆ ಕಾಯಬೇಕು ಎಂದು ಮಂಡಲಿ ಕೇಳಿತು. ಪತ್ರದ ಜೊತೆಗೆ ಬಸ್ಸುಗಳ ಸಮಯಪಾಲನೆಯ ನಕ್ಷೆಯನ್ನೂ ಲಗತ್ತಿಸಿತ್ತು.

ನಿಯಮಗಳು ಮಂಡಲಿಯ ಕೈಯಲ್ಲಿದ್ದವು. ವಿನ್ಯಾಸಪಟ್ಟಿ ಅವಳ ಕೈಯಲ್ಲಿತ್ತು. ಒಂದು ಭಾನುವಾರ ಪೂರ್ತಿ ಕುಳಿತು ಅವಳು ಎಂಟು ಮನೆಗಳ ಪಟ್ಟಿಯನ್ನು ಹದಿನಾರಕ್ಕೆ ಹಿಗ್ಗಿಸಿದಳು. ಒಂಬತ್ತನೆಯ ಮನೆಯಲ್ಲಿ ಹಳೆಯ ಡಿಪೋದ ಗಣಕದ ಹೆಸರನ್ನು ಮತ್ತೆ ಬರೆದಳು. ಸೋಮವಾರ ಬಸ್ಸುಗಳು ಅದನ್ನು ಕೇಳಿದವು, ಅದು ಉತ್ತರಿಸಲಿಲ್ಲ, ಅವು ಕಾದವು. ಮಂಡಲಿಯ ನಕ್ಷೆಯಲ್ಲಿ ಗೆರೆ ಕೆಳಗಿಳಿಯಿತು. ತಪ್ಪನ್ನು ಅವರು ರಸ್ತೆಯ ತಗ್ಗುಗಳ ಮೇಲೆ ಹಾಕಿದರು.

ಮಕಾನದಾರ ನೇಕಾರ ಓಣಿಗೆ ತಾವೇ ಹೋಗಿ, ಬಸ್ಸು ನಿಲ್ಲುತ್ತದೆ, ಬರ್ರಿ ಎಂದು ಹೇಳಿ ಬಂದರು. ಮೂರನೆಯ ದಿನ ಕಾಶವ್ವ ಬಂದಳು.

ಶೇಷಶೋಧಕ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಪ್ರತಿ ವಾರ ಅದು ಪರದೆಯ ಮೇಲೆ ತಿಳಿಸುತ್ತಿತ್ತು: ಶೇಷ ನಮೂದು ಒಂದು. ಓಗೊಡುತ್ತಿಲ್ಲ. ಅಳಿಸಲೇ? ಪ್ರತಿ ವಾರ ಶೈಲಜಾ 'ಇರಲಿ' ಎಂಬುದನ್ನು ಒತ್ತುತ್ತಿದ್ದಳು.

ನಾಲ್ಕು ತಿಂಗಳ ಮೇಲೆ ನೇಕಾರ ಓಣಿಯಿಂದ ಮತ್ತೊಂದು ದೂರು ಬಂತು. ಈ ಸಲ ಬರೆಸಿದವಳು ಕಾಶವ್ವನೇ. ತಾನು ಹತ್ತಿ ಕುಳಿತ ಮೇಲೂ ಬಸ್ಸು ಸುಮ್ಮನೆ ನಿಂತಿರುತ್ತದೆ, ವ್ಯಾಯಾಮಕ್ಕೆ ತಡವಾಗುತ್ತದೆ, ಕಾರಣ ತಿಳಿಸಬೇಕು.

ಮಕಾನದಾರ ಅದನ್ನು ಪರೀಕ್ಷಿಸಲು ಒಂದು ಬೆಳಿಗ್ಗೆ ಅದೇ ಬಸ್ಸಿನಲ್ಲಿ ಹೋಗಿ ಬಂದರು. "ಏಳ ಸೆಕೆಂಡಿಗೆ ಹತ್ತತಾಳ್ರಿ, ಗಂಡನಕಿಂತಾ ಮೊದಲ. ನಾಕ ಸೆಕೆಂಡ ಉಳೀತಾವು. ಆ ನಾಕ ಸೆಕೆಂಡೂ ಬಸ್ಸಿಗೆ ಬೈತಾಳ," ಎಂದು ನಕ್ಕರು. ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದರು, "ಏನಂತ ಬರೀಲ್ರಿ ಉತ್ತರಾ?"

ಶೈಲಜಾ ಪರದೆ ನೋಡಿದಳು. ಒಂಬತ್ತನೆಯ ಹೆಸರಿನ ಮುಂದೆ ಏನೂ ಇರಲಿಲ್ಲ.

"ಹಿಂದ ಯಾರೋ ಬರಾಕತ್ತಾರ ಅಂತ ಬರೀರಿ ಕಾಕಾ," ಎಂದಳು.